ಶೋಧನಾ ವಾರಂಟ್ ಸೆಟ್ಟು: ಎಲ್ಲಕ್ಕೂ ಜಾಗ ಇದೆ, ಕಾರಣಕ್ಕೆ ಮಾತ್ರ ಇಲ್ಲ

ಹಾಸನ, ಚಿಕ್ಕಮಗಳೂರು ಕೋರ್ಟುಗಳ ಆಸುಪಾಸಿನ ಟೈಪಿಂಗ್ ಅಂಗಡಿಗಳಲ್ಲಿ ವಕಾಲತ್ತು, ಜಾಮೀನು ಅರ್ಜಿಗಳ ಜೊತೆ ಸಿದ್ಧವಾಗಿ ಸಿಗುವ ಇನ್ನೊಂದು ಸರಕು ಶೋಧನಾ ವಾರಂಟಿನ ಸೆಟ್ಟು. ಒಂದು ಅರ್ಜಿ, ಒಂದು ಪ್ರಮಾಣಪತ್ರ (ಅಫಿಡವಿಟ್), ಕೊನೆಗೆ ಮ್ಯಾಜಿಸ್ಟ್ರೇಟರ ಸಹಿಗೆ ವಾರಂಟಿನ ನಮೂನೆ. ಹೆಸರು, ಊರು, ಸರ್ವೆ ನಂಬರು ತುಂಬಿದರೆ ಹತ್ತು ನಿಮಿಷದಲ್ಲಿ ಕೈಗೆ ಬರುತ್ತದೆ. ಪೊಲೀಸರು ಎಫ್‌ಐಆರ್ ಹಾಕಿದ ಕೇಸಿನಲ್ಲಿ ಇದರ ಅಗತ್ಯ ಕಡಿಮೆ, ತನಿಖಾಧಿಕಾರಿಗೇ ಶೋಧನೆಯ ಅಧಿಕಾರ ಇದೆ. ಖಾಸಗಿ ದೂರು, ಅಂದರೆ ನೇರವಾಗಿ ಮ್ಯಾಜಿಸ್ಟ್ರೇಟರ ಮುಂದೆ ದೂರು, ಹಾಕುವವರಿಗೇ ಇದು ಹೆಚ್ಚು ಬೇಕಾಗುವುದು. ಈ ಸೆಟ್ಟಿಗೆ ಐದಕ್ಕೆ ಎರಡೂವರೆ ಅಂಕ ಕೊಡಬಹುದು. ಆ ಎರಡೂವರೆಯೂ ವಾರಂಟಿನ ಕೆಳಭಾಗಕ್ಕೆ.

ಮೊದಲು ಆ ಕೆಳಭಾಗ. ನಮೂನೆಯ ಮೂಲ 1973ರ ದಂಡ ಪ್ರಕ್ರಿಯಾ ಸಂಹಿತೆಯ ಎರಡನೇ ಅನುಸೂಚಿ: ಕಲಂ 93ಕ್ಕೆ 10ನೇ ನಮೂನೆ, ಕದ್ದ ಮಾಲು ಇಟ್ಟ ಜಾಗಕ್ಕೆ, ಅಂದರೆ ಕಲಂ 94ಕ್ಕೆ, 11ನೇ ನಮೂನೆ. ಯಾರು ಹುಡುಕಬೇಕು, ಏನನ್ನು, ಎಲ್ಲಿ, ಸಿಕ್ಕರೆ ಏನು ಮಾಡಬೇಕು, ಅಮಲ್ಜಾರಿ ಆದ ಕೂಡಲೇ ಷರಾ ಬರೆದು ಹೇಗೆ ವಾಪಸ್ ಒಪ್ಪಿಸಬೇಕು, ಎಲ್ಲವೂ ನೇರವಾಗಿದೆ. ವಾರಂಟ್ ಹಿಡಿದು ಹೋಗುವ ಪಿಎಸ್‌ಐಗೆ ಗೊಂದಲವೇ ಇಲ್ಲ.

ಎಡವಟ್ಟು ಇರುವುದು ವಾರಂಟಿನ ಮೇಲ್ಭಾಗದ ಪ್ಯಾರಾದಲ್ಲಿ. ಸದರಿ ವಸ್ತು ವಿಚಾರಣೆಗೆ ಅತ್ಯವಶ್ಯವೆಂದು ‘ನನಗೆ ಕಂಡುಬಂದಿರುವುದರಿಂದ’ ಎಂಬ ಸಾಲು ಮೊದಲೇ ಅಚ್ಚಾಗಿ ಬಂದಿರುತ್ತದೆ. ಯಾರಿಗೂ ಏನೂ ಕಂಡುಬರುವ ಮುಂಚೆಯೇ! ಯಾಕೆ ಕಂಡುಬಂತು, ಯಾವ ಕಾಗದ ನೋಡಿ ಕಂಡುಬಂತು ಎಂದು ಬರೆಯಲು ಅರ್ಧ ಗೆರೆಯೂ ಇಲ್ಲ.

ಕಾನೂನಿನಲ್ಲೇ ಒಂದು ವಿಚಿತ್ರ ಇದೆ. ವಾರಂಟಿಲ್ಲದೆ ಮನೆಗೆ ನುಗ್ಗುವ ತನಿಖಾಧಿಕಾರಿ ತನ್ನ ನಂಬಿಕೆಯ ಆಧಾರವನ್ನು ಬರವಣಿಗೆಯಲ್ಲಿ ದಾಖಲಿಸಲೇಬೇಕು ಎಂದು ಹಳೆಯ ಕಲಂ 165 ಹೇಳುತ್ತಿತ್ತು, ದಂಡ ಪ್ರಕ್ರಿಯಾ ಸಂಹಿತೆಯ ಜಾಗಕ್ಕೆ ಬಂದ ಈಗಿನ ನಾಗರಿಕ ಸುರಕ್ಷಾ ಸಂಹಿತೆಯ ಕಲಂ 185 ಕೂಡ ಹೇಳುತ್ತದೆ. ಮ್ಯಾಜಿಸ್ಟ್ರೇಟರ ಕಲಂ 93, ಈಗಿನ 96, ‘ನಂಬಲು ಕಾರಣವಿದ್ದರೆ’ ಎಂದಷ್ಟೇ ಹೇಳಿ ಸುಮ್ಮನಾಗುತ್ತದೆ. ಹಾಗಾದರೆ ಬರೆಯಬೇಕಿಲ್ಲ ಎಂದು ವಾದಿಸುವವರು ಇದ್ದಾರೆ. ಆ ವಾದ ನಿಲ್ಲುವುದಿಲ್ಲ. ವಾರಂಟ್ ಕೊಡುವುದು ಮ್ಯಾಜಿಸ್ಟ್ರೇಟರ ನ್ಯಾಯಿಕ ಕೆಲಸ ಎಂದು 1954ರಲ್ಲೇ ಎಂ.ಪಿ. ಶರ್ಮಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಎಂಟು ನ್ಯಾಯಮೂರ್ತಿಗಳ ಪೀಠ ಹೇಳಿದೆ. ನ್ಯಾಯಿಕ ಆದೇಶ ಅಂದಮೇಲೆ ಮೇಲಿನ ಕೋರ್ಟು ಪರೀಕ್ಷಿಸುವುದು ಹಾಳೆಯ ಮೇಲಿರುವುದನ್ನು, ತಲೆಯೊಳಗೆ ಇದ್ದದ್ದನ್ನಲ್ಲ. 2017ರ ಪುಟ್ಟಸ್ವಾಮಿ ತೀರ್ಪಿನ ನಂತರ ಖಾಸಗಿತನ ಮೂಲಭೂತ ಹಕ್ಕು. ಮನೆಯ ಬೀರು ತೆರೆಸುವ ಆದೇಶ ಎಷ್ಟು ಅಗತ್ಯ, ಎಷ್ಟಕ್ಕೆ ಸೀಮಿತ ಎಂಬ ಪ್ರಶ್ನೆಗೂ ಉತ್ತರ ಕೊಡಬೇಕು.

ಈ ಕಾಯಿಲೆಗೆ ಹತ್ತಿರದ ಮದ್ದು ನಮ್ಮ ಹೈಕೋರ್ಟಿನ ಕಲಬುರಗಿ ಪೀಠದ ತೀರ್ಪಿನಲ್ಲಿದೆ. 2019ರ ವಗ್ಗೆಪ್ಪ ಗುರುಲಿಂಗ ಜಂಗಳಿಗಿ ಪ್ರಕರಣ ಶೋಧನೆಯದ್ದಲ್ಲ, ಅಸಂಜ್ಞೇಯ ಅಪರಾಧದ, ಅಂದರೆ ಮ್ಯಾಜಿಸ್ಟ್ರೇಟರ ಅನುಮತಿಯಿಲ್ಲದೆ ಪೊಲೀಸರು ಕೈಹಾಕುವಂತಿಲ್ಲದ ಅಪರಾಧದ, ತನಿಖೆಗೆ ಅನುಮತಿ ಕೊಡುವ ವಿಚಾರ. ಠಾಣೆಯ ಕೋರಿಕೆಪತ್ರದ ಮೇಲೆಯೇ ‘ಪರ್ಮಿಟೆಡ್’ ಎಂದು ಗೀಚುವುದು ಆದೇಶವಾಗುವುದಿಲ್ಲ ಎಂದು ಹೈಕೋರ್ಟ್ ಹೇಳಿತು. ಪತ್ರ ಅಂಚೆಯಲ್ಲಿ ಬಂತೋ ಮುದ್ದಾಂ (ಕೈಯಾರೆ) ಬಂತೋ ಎಂಬುದನ್ನೂ ನಮೂದಿಸಿ, ಪ್ರತ್ಯೇಕ ಆರ್ಡರ್ ಶೀಟ್ (ಕೋರ್ಟಿನ ಆದೇಶಗಳನ್ನು ಬರೆದಿಡುವ ಹಾಳೆ) ತೆರೆದು ಅದರಲ್ಲಿ ಆದೇಶ ಬರೆಯಬೇಕು ಎಂದಿತು. ವಾರಂಟ್ ಸೆಟ್ಟಿಗೂ ಇದೇ ದಾರಿ: ಕಾರಣ ನಮೂನೆಯಲ್ಲಿ ಹಿಡಿಸದಿದ್ದರೆ ಆರ್ಡರ್ ಶೀಟಿನಲ್ಲಿ ಇರಲಿ. ಆರು ಸಾಲು ಸಾಕು. ಕಾಫಿ ಕಳ್ಳತನದ ಒಂದು ಖಾಸಗಿ ದೂರಿಗೆ ಹೀಗಿರಬಹುದು:

“ದೂರು ಮತ್ತು ಪ್ರಮಾಣ ಹೇಳಿಕೆಗಳನ್ನು ಓದಿದೆ. ದೂರುದಾರರ ಗೋದಾಮಿನಿಂದ 50 ಕೆ.ಜಿ.ಯ 12 ಮೂಟೆ ಪಾರ್ಚ್‌ಮೆಂಟ್ ಕಾಫಿ ಕಳುವಾಗಿದ್ದು, ಚೀಲಗಳ ಮೇಲೆ ತೋಟದ ಅಚ್ಚು ಇದೆ. ಅದೇ ಅಚ್ಚಿನ ಚೀಲಗಳನ್ನು ಎದುರುದಾರರ ಗೋದಾಮಿನಲ್ಲಿ ಇಳಿಸಿದ್ದಾಗಿ ಹಮಾಲಿ ಪ್ರಮಾಣ ಮಾಡಿ ಹೇಳಿದ್ದಾರೆ. ಮುನ್ಸೂಚನೆ ಸಿಕ್ಕರೆ ಮಾಲು ಕ್ಯೂರಿಂಗ್‌ಗೆ ಹೋಗಿ ಗುರುತು ಸಿಗದಂತಾಗುವ ಸಂಭವವಿದೆ. ಗೋದಾಮಿಗೆ ಮಾತ್ರ ಸೀಮಿತವಾಗಿ ವಾರಂಟ್ ಹೊರಡಿಸಿ. ವಾಸದ ಮನೆಗೆ ಕಾರಣ ತೋರಿಸಿಲ್ಲ, ಆ ಕೋರಿಕೆ ತಿರಸ್ಕರಿಸಿದೆ.”

ಕೊನೆಯ ವಾಕ್ಯ ನೋಡಿ. ಓದಿ ಬರೆದ ಆದೇಶ ಎಂದು ಗೊತ್ತಾಗುವುದು ಅಲ್ಲಿ.

ಇಷ್ಟು ಬರೆಯಲು ಅರ್ಜಿಯಲ್ಲಿ ಸರಕು ಇರಬೇಕು. ಅಂಗಡಿಯ ಅರ್ಜಿ ಸೋಲುವುದೂ ಇಲ್ಲೇ. ಕಲಂ 96ಕ್ಕೆ ಮೂರು ಬಾಗಿಲು: ಸಮನ್ಸ್ ಕೊಟ್ಟರೂ ಆ ವ್ಯಕ್ತಿ ವಸ್ತು ಹಾಜರುಪಡಿಸುವುದಿಲ್ಲ ಎಂದು ನಂಬಲು ಕಾರಣವಿರುವುದು, ವಸ್ತು ಯಾರ ಬಳಿ ಇದೆಯೆಂದೇ ಗೊತ್ತಿಲ್ಲದಿರುವುದು, ವಿಚಾರಣೆಗೆ ಸಾಮಾನ್ಯ ಶೋಧನೆಯೇ ಬೇಕಿರುವುದು. ಸೆಟ್ಟಿನಲ್ಲಿ ಮೂರನ್ನೂ ಒಟ್ಟಿಗೆ ತುರುಕಿರುತ್ತಾರೆ. ಒಂದನ್ನು ಇಟ್ಟುಕೊಂಡು ಉಳಿದವನ್ನು ಹೊಡೆದುಹಾಕಿ. ಎದುರಿಗಿರುವವರು ಆರೋಪಿಯಾದರೆ ಮೊದಲ ಬಾಗಿಲು ಮುಚ್ಚಿದ್ದು ಎಂದೇ ತಿಳಿಯಿರಿ. ಆರೋಪಿಗೆ ಅಂಥ ಸಮನ್ಸೇ ಹೋಗುವಂತಿಲ್ಲ ಎಂದು ಶ್ಯಾಮಲಾಲ್ ಚೋಕ್ಸಿ ಪ್ರಕರಣದಲ್ಲಿ ತೀರ್ಮಾನವಾಗಿದೆ. ಮೂರನೆಯದು ತೆರೆದೇ ಇದೆ, ಕುಟ್ಟನ್ ಪಿಳ್ಳೈ ಪ್ರಕರಣದಲ್ಲಿ ಒಂದು ಸಮಾಜದ ಕಚೇರಿಯ ಶೋಧನೆ ಊರ್ಜಿತವಾಗಿದ್ದು ಅದರಡಿ.

ಸ್ಥಳದ ಕಾಲಂ ಮಲೆನಾಡಿಗೆ ಹೇಳಿ ಮಾಡಿಸಿದ್ದಲ್ಲ. ಮೂಡಿಗೆರೆಯದೋ ಸಕಲೇಶಪುರದ್ದೋ ಒಂದು ತೋಟ ಅಂದರೆ ಸಾಹುಕಾರರ ಮನೆ, ರೈಟರ್ ಮನೆ, ಲೈನ್ ಮನೆಗಳು, ಪಲ್ಪರ್ ಮನೆ, ಕಣ, ಗೋದಾಮು ಎಲ್ಲ ಸೇರಿ. ಬರೀ ಸರ್ವೆ ನಂಬರು ಹಾಕಿದರೆ ಕೂಲಿಯವರ ಲೈನ್ ಮನೆಯ ಟ್ರಂಕೂ ಶೋಧನೆಗೆ ಒಳಪಟ್ಟಂತೆ. ಯಾವ ಕಟ್ಟಡ ಎಂದು ಚೆಕ್ಕುಬಂದಿ ಸಮೇತ ಬರೆಯಿರಿ. ವಸ್ತುವಿನ ಕಾಲಮ್ಮಿನಲ್ಲಿ ‘ಇತ್ಯಾದಿ’ ಬೇಡ. ‘2023–24ರ ನಗದು ಪುಸ್ತಕ’ ಅಂದರೆ ಒಂದು ಪುಸ್ತಕ, ‘ಲೆಕ್ಕಪತ್ರ ಇತ್ಯಾದಿ’ ಅಂದರೆ ಇಡೀ ಮನೆ.

ಮೊಬೈಲ್, ಲ್ಯಾಪ್‌ಟಾಪ್ ಕೇಳುವುದಾದರೆ ಸೆಟ್ಟು ಬದಿಗಿಟ್ಟು 2021ರ ವೀರೇಂದ್ರ ಖನ್ನಾ ತೀರ್ಪು ತೆಗೆಯಿರಿ. ಸಿಗ್ನಲ್ ತಲುಪದಂತೆ ಫ್ಯಾರಡೆ ಚೀಲದಲ್ಲಿ ಇಡುವುದೂ ಸೇರಿ ಅವನ್ನು ಜಪ್ತಿ ಮಾಡುವುದು ಹೇಗೆಂದು ನಮ್ಮ ಹೈಕೋರ್ಟ್ ಅಲ್ಲಿ ಸಾಲುಸಾಲಾಗಿ ಹೇಳಿದೆ.

ಕಲಂ ಸಂಖ್ಯೆ ತಪ್ಪುವುದು ಸಾಮಾನ್ಯ. 2024ರ ಜುಲೈ 1ರಿಂದ 93 ಹೋಗಿ 96, 94 ಹೋಗಿ 97, 97 ಹೋಗಿ 100 ಬಂದಿದೆ. ಅಂಗಡಿಯವರು ಹಳೆಯ ಫೈಲು ತೆರೆದು ‘93’ರ ಮೇಲೆ ‘96’ ಒತ್ತಿ ಕೊಡುತ್ತಾರೆ, ಒಳಗಿನ ಪ್ಯಾರಾದಲ್ಲಿ 93 ಹಾಗೇ ಉಳಿದಿರುತ್ತದೆ. ಸಹಿಯ ಜೊತೆ ಕೋರ್ಟಿನ ಮೊಹರೂ ಕಡ್ಡಾಯ. ವಾರಂಟಿಗೆ ತಾನಾಗಿ ಮುಗಿಯುವ ದಿನಾಂಕ ಇಲ್ಲ, ಅಮಲ್ಜಾರಿ ಆಗುವವರೆಗೆ ಅಥವಾ ರದ್ದಾಗುವವರೆಗೆ ಜೀವಂತ. ವಾಪಸಾತಿಗೆ ದಿನಾಂಕ ಹಾಕಿಸಿಕೊಳ್ಳಿ. ಸ್ಥಳೀಯ ಪಂಚರಿಬ್ಬರು, ಮಹಜರು, ಮನೆಯವರಿಗೆ ಪಟ್ಟಿಯ ನಕಲು, ಇವುಗಳ ಜೊತೆ ಈಗ ಕಲಂ 105ರಂತೆ ವಿಡಿಯೊ ಚಿತ್ರೀಕರಣವೂ ಆಗಬೇಕು.

ಅಕ್ರಮ ಬಂಧನದ ಕಲಂ 100ಕ್ಕೆ ಇದೇ ಸೆಟ್ಟನ್ನು ಹೆಸರು ಬದಲಿಸಿ ಮಾರುವುದಂತೂ ತೀರಾ ಕಳಪೆ. ಗಂಡ ಹೆಂಡತಿ ಜಗಳದಲ್ಲಿ ಮಗು ಅಪ್ಪನ ಮನೆಯಲ್ಲಿದೆ ಎಂದ ಮಾತ್ರಕ್ಕೆ ಅದು ಅಕ್ರಮ ಬಂಧನವಲ್ಲ ಎಂದು ರಮೇಶ್ ವಿರುದ್ಧ ಲಕ್ಷ್ಮೀಬಾಯಿ ಪ್ರಕರಣ ಹೇಳುತ್ತದೆ. ಬಂಧನ ಅಪರಾಧವಾಗುವುದು ಹೇಗೆ ಎಂಬ ಪ್ಯಾರಾ ಆ ಸೆಟ್ಟಿನಲ್ಲಿ ಹುಡುಕಿದರೂ ಸಿಗದು.

ಶೋಧನೆ ಆಗಿಹೋದ ಮೇಲೆ ಎದ್ದರೆ ಲಾಭ ಕಡಿಮೆ. ಅಕ್ರಮ ಶೋಧನೆಯಲ್ಲಿ ಸಿಕ್ಕ ಸಾಕ್ಷ್ಯವನ್ನೂ ಕೋರ್ಟ್ ನೋಡಬಹುದು ಎಂದು 1974ರ ಪೂರಣ್‌ಮಲ್ ತೀರ್ಪು. ಆದರೆ ನಮ್ಮ ರಾಜ್ಯದ್ದೇ ಕೆ.ಎಲ್. ಸುಬ್ಬಯ್ಯ ಪ್ರಕರಣದಲ್ಲಿ, 1979ರಲ್ಲಿ, ಅಬಕಾರಿ ಇನ್‌ಸ್ಪೆಕ್ಟರ್ ನಂಬಿಕೆಯ ಆಧಾರ ಬರೆಯದೆ ಕಾರು ಶೋಧಿಸಿದ್ದಕ್ಕೆ ಶಿಕ್ಷೆಯೇ ರದ್ದಾಯಿತು. ಹಾಗಾಗಿ ಶೋಧನೆಗೆ ಒಳಗಾದವರು ನಕಲು ಅರ್ಜಿಯಲ್ಲಿ ವಾರಂಟ್ ಒಂದನ್ನೇ ಕೇಳಬಾರದು. ಅರ್ಜಿ, ಪ್ರಮಾಣಪತ್ರ, ಆ ದಿನದ ಆರ್ಡರ್ ಶೀಟ್ ಮೂರನ್ನೂ ಕೇಳಬೇಕು. ವಾರಂಟಿನಲ್ಲಿ ಎಲ್ಲರಿಗೂ ಒಂದೇ ಸಾಲು ‘ಕಂಡುಬಂದಿರುತ್ತದೆ’. ಆರ್ಡರ್ ಶೀಟಿನಲ್ಲಿ ‘ಅರ್ಜಿ ಮಂಜೂರು’ ಎಂಬ ಎರಡೇ ಪದ ಇದ್ದರೆ ಮೇಲಿನ ಕೋರ್ಟಿಗೆ ಹಾಕುವ ರಿವಿಷನ್ ಅರ್ಜಿಯ ಮೊದಲ ಆಧಾರ ಅಲ್ಲೇ ಸಿಕ್ಕಂತೆ.