ಪೆಡಿಕಲ್ ಸ್ಕ್ರೂಗೆ ಕಂಪ್ಯೂಟರ್ ನ್ಯಾವಿಗೇಷನ್: ದೀರ್ಘಕಾಲ ಬಳಸಿದ ಶಸ್ತ್ರಚಿಕಿತ್ಸಕರ ಅಭಿಪ್ರಾಯ

ಕಶೇರುಕದ (ಬೆನ್ನುಮೂಳೆಯ ಒಂದೊಂದು ಮೂಳೆಯ) ಹಿಂಭಾಗವನ್ನು ಮುಂಭಾಗಕ್ಕೆ ಜೋಡಿಸುವ ಮೂಳೆಯ ಸೇತುವೆಯೇ ಪೆಡಿಕಲ್; ಅದರೊಳಗಿಂದ ಕೂರಿಸುವುದು ಪೆಡಿಕಲ್ ಸ್ಕ್ರೂ. ಥಿಯೇಟರಿನಲ್ಲೇ ತೆಗೆದ ತ್ರಿಆಯಾಮದ ಸ್ಕ್ಯಾನ್ ಮೇಲೆ ಉಪಕರಣದ ತುದಿ ಎಲ್ಲಿದೆಯೆಂದು ಆ ಕ್ಷಣಕ್ಕೆ ತೋರಿಸುವ ನ್ಯಾವಿಗೇಷನ್ ವ್ಯವಸ್ಥೆಯನ್ನು ನಮ್ಮ ಬೆನ್ನುಮೂಳೆ ವಿಭಾಗ ಹಲವು ವರ್ಷಗಳಿಂದ ಬಳಸುತ್ತಿದೆ. ಎಲ್4–ಎಲ್5 (ಸೊಂಟದ ನಾಲ್ಕನೇ ಮತ್ತು ಐದನೇ ಕಶೇರುಕ) ಮಟ್ಟದ ಸರಳ ಫ್ಯೂಷನ್‌ಗೆ, ಅಂದರೆ ಕಶೇರುಕಗಳನ್ನು ಬೆಸೆಯುವ ಶಸ್ತ್ರಚಿಕಿತ್ಸೆಗೆ, ಇದು ಬೇಕೇಬೇಕೆಂದು ನನಗೆ ಅನ್ನಿಸಿಲ್ಲ; ಅಲ್ಲಿ ಪೆಡಿಕಲ್ ದಪ್ಪವಾಗಿರುತ್ತದೆ, ಪಳಗಿದ ಕೈಗೆ ಸಿ-ಆರ್ಮ್ (ಥಿಯೇಟರಿನ ಎಕ್ಸ್-ರೇ ಯಂತ್ರ) ಸಾಕು. ಬೆನ್ನುಮೂಳೆ ಪಕ್ಕಕ್ಕೆ ಬಾಗಿದ ಸ್ಕೋಲಿಯೋಸಿಸ್‌ನ ಮಾತೇ ಬೇರೆ. ಬಾಗಿನ ಒಳಬದಿಯಲ್ಲಿ ಎದೆಭಾಗದ ಪೆಡಿಕಲ್ ಕೆಲವೊಮ್ಮೆ ಸ್ಕ್ರೂಗಿಂತಲೂ ಸಣ್ಣದಾಗಿರುತ್ತದೆ, ಕಶೇರುಕ ತಿರುಚಿಕೊಂಡಿರುವುದರಿಂದ ಹೊರಗಿನ ಗುರುತುಗಳು ದಾರಿ ತಪ್ಪಿಸುತ್ತವೆ, ತೆಳುವಾದ ಗೋಡೆಯಾಚೆ ಬೆನ್ನುಹುರಿ ಇರುತ್ತದೆ. ಅಂಥಲ್ಲಿ, ಹಾಗೆಯೇ ಹಿಂದೆ ಲ್ಯಾಮಿನೆಕ್ಟಮಿಯಾಗಿ (ಕಶೇರುಕದ ಹಿಂಬದಿಯ ಮೂಳೆಯನ್ನು ತೆಗೆದು) ಗುರುತುಗಳೇ ಅಳಿಸಿಹೋದ ಬೆನ್ನಿನಲ್ಲಿ, ಹಾಕಿದ ಹಣ ಸಾರ್ಥಕವೆನ್ನಿಸುತ್ತದೆ.

ಆದರೆ ಈ ವ್ಯವಸ್ಥೆಯ ಕ್ಯಾಮೆರಾ ಅಳೆಯುವುದು ಸ್ಪೈನಸ್ ಪ್ರೊಸೆಸ್‌ಗೆ (ಕಶೇರುಕದ ಹಿಂದೆ ಚಾಚಿದ ಮೂಳೆಗೆ) ಬಿಗಿದ ರೆಫರೆನ್ಸ್ ಫ್ರೇಮ್ ಎಂಬ ಗುರುತಿನ ಚೌಕಟ್ಟಿನಿಂದ ಉಪಕರಣ ಎಷ್ಟು ದೂರ, ಯಾವ ಕೋನದಲ್ಲಿದೆ ಎಂಬುದನ್ನಷ್ಟೇ. ಮೂಳೆ ಅದಕ್ಕೆ ಕಾಣುವುದಿಲ್ಲ. ಸಹಾಯಕರ ಮೊಣಕೈ ತಾಗಿ ಫ್ರೇಮ್ ತುಸು ಜರುಗಿದರೂ ಪರದೆಯ ಚಿತ್ರ ಮೊದಲಿನಷ್ಟೇ ಸ್ಪಷ್ಟವಾಗಿರುತ್ತದೆ, ತೋರಿಸುವ ಜಾಗ ಮಾತ್ರ ಸುಳ್ಳಾಗಿರುತ್ತದೆ. ಆದ್ದರಿಂದ ಪ್ರತಿ ಮಟ್ಟದಲ್ಲೂ ಪಾಯಿಂಟರನ್ನು ಫ್ಯಾಸೆಟ್ ಕೀಲಿನ (ಕಶೇರುಕಗಳ ನಡುವಿನ ಹಿಂಬದಿ ಕೀಲಿನ) ಅಂಚಿಗೋ ಟ್ರಾನ್ಸ್‌ವರ್ಸ್ ಪ್ರೊಸೆಸ್‌ಗೋ (ಪಕ್ಕಕ್ಕೆ ಚಾಚಿದ ಮೂಳೆಗೋ) ಮುಟ್ಟಿಸಿ, ಪರದೆಯಲ್ಲೂ ತುದಿ ಮೂಳೆಯ ಮೇಲೇ ಕೂತಿದೆಯೇ, ಗಾಳಿಯಲ್ಲಿ ತೇಲುತ್ತಿದೆಯೇ, ಒಳಗೆ ಹೂತಂತಿದೆಯೇ ಎಂದು ನೋಡಿಕೊಂಡೇ ಡ್ರಿಲ್ ಎತ್ತುತ್ತೇವೆ. ಫ್ರೇಮಿನಿಂದ ದೂರ ಸರಿದಂತೆ, ಕಶೇರುಕಗಳು ಒಂದರ ಮೇಲೊಂದು ಅಲುಗುವುದರಿಂದಲೂ ಉಸಿರಾಟದಿಂದಲೂ, ನಿಖರತೆ ಕುಗ್ಗುತ್ತದೆ. ಉದ್ದದ ಫ್ಯೂಷನ್‌ನಲ್ಲಿ ಫ್ರೇಮನ್ನು ಸ್ಥಳಾಂತರಿಸಿ ಮತ್ತೆ ಸ್ಕ್ಯಾನ್ ಮಾಡಲು ಬೇಸರಿಸಬಾರದು. ರಂಧ್ರದ ನಾಲ್ಕು ಗೋಡೆಗಳನ್ನೂ ತಳವನ್ನೂ ಫೀಲರ್ ಎಂಬ ತೆಳು ಕಡ್ಡಿಯಿಂದ ತಡವಿ ನೋಡುವ ಹಳೆಯ ಅಭ್ಯಾಸವನ್ನು ನಾವು ಬಿಟ್ಟಿಲ್ಲ.

ನನಗೆ ಅತಿ ಹೆಚ್ಚು ಉಪಯೋಗಕ್ಕೆ ಬಂದದ್ದು ಸ್ಕ್ರೂಗಳನ್ನು ಕೂರಿಸಿದ ಮೇಲಿನ ಕೊನೆಯ ಸ್ಕ್ಯಾನ್. 1990ರಲ್ಲಿ ಪ್ರಕಟವಾದ ಗರ್ಟ್ಸ್‌ಬೈನ್–ರಾಬಿನ್ಸ್ ವರ್ಗೀಕರಣದಂತೆ ಪೆಡಿಕಲ್ ಗೋಡೆಯಿಂದ 2 ಮಿಲಿಮೀಟರ್‌ಗಿಂತ ಹೆಚ್ಚು ಹೊರಚಾಚಿದ ಸ್ಕ್ರೂ ಕಂಡರೆ, ಗಾಯ ಹೊಲಿಯುವ ಮುನ್ನವೇ ಅದನ್ನು ತೆಗೆದು ಸರಿಯಾದ ದಾರಿಯಲ್ಲಿ ಕೂರಿಸಬಹುದು. ರೋಗಿಯನ್ನು ಇನ್ನೊಮ್ಮೆ ಥಿಯೇಟರಿಗೆ ತರುವ ಪ್ರಮೇಯ ಬರುವುದಿಲ್ಲ. ಸ್ಕ್ಯಾನ್ ವೇಳೆ ಸಿಬ್ಬಂದಿ ಹೊರಗೆ ನಿಲ್ಲುವುದರಿಂದ ನಮಗೆ ತಗಲುವ ವಿಕಿರಣ ಕಡಿಮೆ, ರೋಗಿಗೆ ಮಾತ್ರ ಸಿ-ಆರ್ಮ್‌ಗಿಂತ ಹೆಚ್ಚಾಗಬಹುದು. ಮಕ್ಕಳಲ್ಲಿ ಡೋಸ್ ತಗ್ಗಿಸಲೇಬೇಕು.

ಕಿರಿಕಿರಿಗಳೂ ಇವೆ. ಕ್ಯಾಮೆರಾ ಗುರುತಿಸಲೆಂದು ಫ್ರೇಮಿಗೂ ಉಪಕರಣಕ್ಕೂ ಸಿಕ್ಕಿಸುವ ಪ್ರತಿಫಲಕ ಗೋಲದ ಮೇಲೆ ಒಂದು ಹನಿ ರಕ್ತ ಬಿದ್ದರೆ, ಇಲ್ಲವೇ ಕ್ಯಾಮೆರಾಗೆ ಯಾರದಾದರೂ ತಲೆ ಅಡ್ಡ ಬಂದರೆ ಪರದೆ ಸ್ತಬ್ಧವಾಗುತ್ತದೆ. ಆ ಗೋಲಗಳು ಒಂದೇ ಸಲದ ಬಳಕೆಗೆ, ಅವುಗಳ ಖರ್ಚು ರೋಗಿಯ ಬಿಲ್ಲಿಗೇ ಸೇರುತ್ತದೆ. ನಮ್ಮ ಸರಬರಾಜುದಾರರು ಕ್ಯಾಮೆರಾ ಕೆಟ್ಟಾಗ ಬದಲಿ ಕೊಡದೆ ಸತಾಯಿಸಿದ್ದರು. ಕೊಳ್ಳುವವರು ಗೋಲಗಳ ದರವನ್ನೂ ದುರಸ್ತಿಯ ಗಡುವನ್ನೂ ಒಪ್ಪಂದದಲ್ಲೇ ಬರೆಸಿಕೊಳ್ಳಲಿ.