ಟ್ರೆಟಿನೋಯಿನ್ ಕ್ರೀಮು 0.025%: ತುಮಕೂರಿನ ಬಿಸಿಲಿಗೆ ಎಷ್ಟು ಒಗ್ಗುತ್ತೆ?

"ಕೆನ್ನೆ ಮೇಲಿನ ಕಪ್ಪು ಬಂಗಿಗೆ ಒಳ್ಳೆ ಕ್ರೀಮ್ ಯಾವುದಿದೆ?" "ಕಣ್ಣಿನ ಪಕ್ಕದ ಗೆರೆಗೆ ಏನು ಹಚ್ಚೋದು?" ಮೆಡಿಕಲ್ ಸ್ಟೋರ್ ಕೌಂಟರಿನಲ್ಲಿ ದಿನಾ ಬರುವ ಈ ಎರಡೂ ಪ್ರಶ್ನೆಗೆ ಒಂದೇ ಉತ್ತರವಾಗಬಲ್ಲ ಔಷಧಿ ಟ್ರೆಟಿನೋಯಿನ್. ಇಪ್ಪತ್ತು ಗ್ರಾಮಿನ ಪುಟ್ಟ ಟ್ಯೂಬು. ನಮ್ಮಲ್ಲಿ ರೆಟಿನೋ-ಎ ಅನ್ನುವ ಹೆಸರಿನಲ್ಲಿ ಹೆಚ್ಚು ಜನಕ್ಕೆ ಗೊತ್ತು, ಬೇರೆ ಕಂಪನಿಗಳದ್ದೂ ಸಿಗುತ್ತೆ. ಈ ವಿಮರ್ಶೆ ಮುಖ್ಯವಾಗಿ 0.025% ಕ್ರೀಮಿನದು. ಪಕ್ಕದಲ್ಲಿ ಮೊಡವೆಗೆ ಹಚ್ಚುವ ಅಡಾಪಲೀನ್ ಜೆಲ್, ರೆಟಿನಾಲ್ ಸೀರಮ್ಮು, ಮತ್ತು "ತ್ರೀ ಇನ್ ಒನ್" ಬಂಗಿನ ಕ್ರೀಮುಗಳನ್ನೂ ಇಟ್ಟು ನೋಡಿದ್ದೇವೆ.

ಮೊದಲೇ ಒಂದು ಮಾತು. ನಮ್ಮ ಗೋಧಿ ಬಣ್ಣದ, ಕಪ್ಪು ಬಣ್ಣದ ಚರ್ಮಕ್ಕೆ ಉರಿ ಬಂತು ಅಂದರೆ ಅದರ ಹಿಂದೆಯೇ ಕಪ್ಪು ಬರುತ್ತೆ. ಬಿಳಿ ಚರ್ಮದವರಿಗೆ ಕೆಂಪಾಗಿ ಹೋಗಿಬಿಡುವ ಕಿರಿಕಿರಿ, ನಮಗೆ ತಿಂಗಳುಗಟ್ಟಲೆ ಉಳಿಯುವ ಕಲೆಯಾಗುತ್ತೆ. ಹಾಗಾಗಿ ಬೇಗ ಫಲ ಬರಲಿ ಅಂತ ಜಾಸ್ತಿ ಹಚ್ಚಿದರೆ, ಯಾವ ಕಪ್ಪು ಹೋಗಲಿ ಅಂತ ಕ್ರೀಮು ತಂದರೋ ಅದೇ ಕಪ್ಪು ಹೆಚ್ಚಾಗುತ್ತೆ. ಕೆಳಗೆ ಹೇಳಿರುವ ಪ್ರತಿ ಹಂತವೂ ಈ ಒಂದು ಕಾರಣಕ್ಕಾಗಿಯೇ ನಿಧಾನವಾಗಿದೆ.

ಎ ವಿಟಮಿನ್ನಿನ ರೂಪಗಳು ಹಲವು. ಚರ್ಮದ ಜೀವಕೋಶದೊಳಗೆ ನೇರವಾಗಿ ಕೆಲಸ ಮಾಡುವುದು ರೆಟಿನೋಯಿಕ್ ಆಸಿಡ್. ಟ್ರೆಟಿನೋಯಿನ್ ಅಂದರೆ ಅದೇ. ಸೀರಮ್ಮಿನ ರೆಟಿನಾಲ್ ಚರ್ಮದೊಳಗೆ ಹೋದಮೇಲೆ ಮೊದಲು ರೆಟಿನಾಲ್ಡಿಹೈಡ್ ಆಗಬೇಕು, ಆಮೇಲೆ ರೆಟಿನೋಯಿಕ್ ಆಸಿಡ್ ಆಗಬೇಕು. ಪ್ರತಿ ಮೆಟ್ಟಿಲಲ್ಲೂ ಒಂದಷ್ಟು ಸೋರಿಹೋಗುತ್ತೆ. ಬ್ಯೂಟಿ ಕ್ರೀಮುಗಳ ಡಬ್ಬಿ ಮೇಲೆ ಕಾಣುವ ರೆಟಿನಿಲ್ ಪಾಲ್ಮಿಟೇಟ್ ಇನ್ನೂ ಒಂದು ಮೆಟ್ಟಿಲು ಕೆಳಗಿನದು. ಅದರಿಂದ ಗೆರೆ ಹೋಗುತ್ತೆ ಅಂತ ನಂಬಿ ದುಡ್ಡು ಹಾಕಬೇಡಿ.

ಟ್ರೆಟಿನೋಯಿನ್ ಮಾಡುವ ಕೆಲಸ ಎರಡು ಪದರದಲ್ಲಿ. ಮೇಲ್ಪದರದಲ್ಲಿ ಜೀವಕೋಶಗಳು ಬೇಗ ಬೇಗ ಮೇಲೆ ಬಂದು ಉದುರುತ್ತವೆ. ಜೊತೆಗೆ ಅವುಗಳೊಳಗೆ ಗುಂಪುಗೂಡಿರುವ, ಚರ್ಮಕ್ಕೆ ಬಣ್ಣ ಕೊಡುವ ಮೆಲನಿನ್ ಕಣಗಳು ಚದುರುತ್ತವೆ. ಬಣ್ಣ ಸಮ ಆಗುವುದು ಹೀಗೆ. ಕೆಳಪದರದಲ್ಲಿ, ಚರ್ಮವನ್ನು ಬಿಗಿಯಾಗಿ ಹಿಡಿದಿಡುವ ಕೊಲಾಜನ್ ಅನ್ನುವ ಪ್ರೋಟೀನನ್ನು ಒಡೆಯುವ ಕಿಣ್ವಗಳಿಗೆ ತಡೆ ಬೀಳುತ್ತೆ, ಹೊಸ ಕೊಲಾಜನ್ ಹುಟ್ಟುತ್ತೆ. ಇದು ತಿಂಗಳುಗಳ ಕೆಲಸ. ಸಣ್ಣ ಗೆರೆಗಳು ಮೆತ್ತಗಾಗುತ್ತವೆ, ಆದರೆ ಆಳವಾದ ಮಡಿಕೆ, ಜೋತುಬಿದ್ದ ಕೆನ್ನೆ ಇದರಿಂದ ಏಳುವುದಿಲ್ಲ.

0.05%, 0.1% ಟ್ಯೂಬುಗಳೂ ಇರುವಾಗ 0.025% ಯಾಕೆ? ಬಿಸಿಲಿಗೆ ಹಣ್ಣಾದ ಚರ್ಮದ ಮೇಲೆ 0.1% ಮತ್ತು 0.025% ಎರಡನ್ನೂ 48 ವಾರ ಹಚ್ಚಿಸಿ ಹೋಲಿಸಿದ ಅಧ್ಯಯನವೊಂದು 1995ರಲ್ಲಿ ಪ್ರಕಟವಾಯಿತು. ಸುಧಾರಣೆ ಎರಡರಲ್ಲೂ ಹೆಚ್ಚುಕಮ್ಮಿ ಒಂದೇ, ಉರಿ ಮಾತ್ರ 0.1%ರಲ್ಲಿ ಬಹಳ ಜಾಸ್ತಿ. ಉರಿಯೇ ಶತ್ರು ಆಗಿರುವ ಚರ್ಮಕ್ಕೆ ಇದಕ್ಕಿಂತ ಸ್ಪಷ್ಟ ಉತ್ತರ ಬೇಕಿಲ್ಲ. ಕ್ರೀಮೋ ಜೆಲ್ಲೋ ಅಂದರೆ, ಮೊಡವೆ ಇರುವ ಎಣ್ಣೆ ಮುಖಕ್ಕೆ ಜೆಲ್ ಸರಿ. ನಲವತ್ತು ದಾಟಿದವರಿಗೆ, ಒಣ ಚರ್ಮದವರಿಗೆ ಕ್ರೀಮೇ ವಾಸಿ.

ಇನ್ನು ಅಳತೆ. ಇಡೀ ಮುಖಕ್ಕೆ ಒಂದು ಕಡಲೆಕಾಳಿನಷ್ಟು, ಅಂದರೆ ಸುಮಾರು ಕಾಲು ಗ್ರಾಂ. ಅವರೆಕಾಳಿನಷ್ಟು ಹಿಂಡಿದರೆ ಎರಡು ಪಟ್ಟಾಯಿತು. ಕಾಲು ಗ್ರಾಮಿನ ಲೆಕ್ಕದಲ್ಲಿ 20 ಗ್ರಾಂ ಟ್ಯೂಬು 80 ರಾತ್ರಿಗೆ ಬರುತ್ತೆ. ದಿನಾ ಹಚ್ಚಿದರೂ ಎರಡೂವರೆ ತಿಂಗಳು. ನಿಮ್ಮ ಟ್ಯೂಬು ಒಂದು ತಿಂಗಳಲ್ಲೇ ಖಾಲಿಯಾಗುತ್ತಿದ್ದರೆ ಮುಖ ಉರಿಯುವುದಕ್ಕೆ ಬೇರೆ ಕಾರಣ ಹುಡುಕಬೇಕಿಲ್ಲ.

ರಾತ್ರಿ ಮುಖ ತೊಳೆಯಲು ನೊರೆ ಕಡಿಮೆ ಇರುವ ಮೃದುವಾದ ಫೇಸ್‌ವಾಶ್ ಸಾಕು. ನಮ್ಮ ಬೋರ್‌ವೆಲ್ ನೀರು ಗಡಸು. ಅದರ ಜೊತೆ ಮೈ ಸೋಪು ಸೇರಿದರೆ ಚರ್ಮ ಬಿಗಿದುಕೊಂಡು ಮೊದಲೇ ಒಣಗಿರುತ್ತೆ, ಅದರ ಮೇಲೆ ಟ್ರೆಟಿನೋಯಿನ್ ಬಿದ್ದರೆ ಮುಗಿಯಿತು. ಒರೆಸಿಕೊಂಡಮೇಲೆ ಇಪ್ಪತ್ತು ನಿಮಿಷ ಬಿಡಿ. ಒದ್ದೆ ಚರ್ಮ ಔಷಧಿಯನ್ನು ಜಾಸ್ತಿ ಎಳೆದುಕೊಳ್ಳುತ್ತೆ. ಮೂಗಿನ ಹೊಳ್ಳೆಯ ಮಡಿಕೆ, ತುಟಿಯ ಎರಡು ಮೂಲೆ, ಕಣ್ಣಿನ ರೆಪ್ಪೆ, ಈ ಜಾಗಗಳಿಗೆ ಚೂರು ವ್ಯಾಸಲೀನ್ ಸವರಿ. ಕ್ರೀಮು ಹರಿದು ಹೋಗಿ ಸೀಳುವುದು ಯಾವಾಗಲೂ ಅಲ್ಲೇ. ಆಮೇಲೆ ತೆಳ್ಳಗೆ ಮಾಯಿಶ್ಚರೈಸರ್, ಅದರ ಮೇಲೆ ಹಣೆ, ಎರಡು ಕೆನ್ನೆ, ಗಲ್ಲಕ್ಕೆ ಟ್ರೆಟಿನೋಯಿನ್ ಕ್ರೀಮಿನ ಒಂದೊಂದು ಚುಕ್ಕೆ ಇಟ್ಟು ಹರಡಿ, ಮತ್ತೆ ಒಂದು ಪದರ ಮಾಯಿಶ್ಚರೈಸರ್. ಕಪ್ಪು ಇರುವ ಕಡೆ ಮಾತ್ರ ಚುಕ್ಕೆ ಚುಕ್ಕೆಯಾಗಿ ದಪ್ಪಗೆ ಹಚ್ಚುವುದು ತಪ್ಪು. ಆ ಚುಕ್ಕೆಯ ಸುತ್ತ ಇನ್ನೊಂದು ಕಪ್ಪು ಉಂಗುರ ಬರುತ್ತೆ.

ಮೊದಲ ಎರಡು ವಾರ ವಾರಕ್ಕೆ ಎರಡೇ ರಾತ್ರಿ, ಸೋಮವಾರ ಮತ್ತು ಗುರುವಾರ ಅಂತ ಇಟ್ಟುಕೊಂಡರೆ ನೆನಪಿರುತ್ತೆ. ಆಮೇಲೆ ಒಂದು ತಿಂಗಳು ಎರಡು ದಿನಕ್ಕೊಮ್ಮೆ. ಉರಿ ಇಲ್ಲದಿದ್ದರೆ ಮಾತ್ರ ದಿನಾ. ಒಂದು ರಾತ್ರಿ ತಪ್ಪಿದರೆ ಮರುದಿನ ಎರಡು ಪಟ್ಟು ಹಚ್ಚಬೇಡಿ. ಎರಡನೇ ವಾರದಿಂದ ನಾಲ್ಕನೇ ವಾರದ ತನಕ ಬಾಯಿ ಸುತ್ತ ಹೊಟ್ಟಿನಂತೆ ಸಿಪ್ಪೆ ಏಳುವುದು ಸಹಜ. ಅದನ್ನು ಉಜ್ಜಿ ತೆಗೆಯಬಾರದು. ಕೆಂಪು, ಬಾವು, ಮುಖ ತೊಳೆದಾಗ ಬರೀ ನೀರಿಗೇ ಚುರುಚುರು ಅನ್ನುವುದು ಬಂದರೆ ಐದಾರು ದಿನ ಪೂರ್ತಿ ನಿಲ್ಲಿಸಿ, ಮಾಯಿಶ್ಚರೈಸರ್ ಮಾತ್ರ ಹಚ್ಚಿ, ವಾರಕ್ಕೆ ಎರಡರಿಂದ ಮತ್ತೆ ಶುರು ಮಾಡಿ. ಡಿಸೆಂಬರ್, ಜನವರಿಯ ಒಣ ಚಳಿಗೆ ವಾರಕ್ಕೆ ಒಂದೆರಡು ರಾತ್ರಿ ಕಡಿಮೆ ಮಾಡಿದರೆ ನಷ್ಟವೇನೂ ಇಲ್ಲ.

ಕೆಡುವುದು ಹೆಚ್ಚಾಗಿ ಜೊತೆಗೆ ಸೇರಿಸುವ ವಸ್ತುವಿನಿಂದ. ನಿಂಬೆರಸ, ಕಡಲೆಹಿಟ್ಟಿನ ಉಜ್ಜು, ವಾಲ್‌ನಟ್ ಸ್ಕ್ರಬ್, ಗ್ಲೈಕೋಲಿಕ್ ಆಸಿಡ್, ಪಾರ್ಲರಿನ ಬ್ಲೀಚು, ಇವೆಲ್ಲ ಈ ಕ್ರೀಮು ಹಚ್ಚುವಷ್ಟು ಕಾಲ ಬಂದ್. ಮೇಲ್ದುಟಿ ವ್ಯಾಕ್ಸಿಂಗ್ ಮಾಡಿಸುವ ಕನಿಷ್ಠ ಒಂದು ವಾರ ಮೊದಲೇ ಕ್ರೀಮು ನಿಲ್ಲಿಸಿ, ಇಲ್ಲದಿದ್ದರೆ ಕೂದಲಿನ ಜೊತೆ ಚರ್ಮವೂ ಕಿತ್ತು ಬರುತ್ತೆ. ಮದುವೆ ಸೀಸನ್ನಿನಲ್ಲಿ ಮೀಸೆ ಜಾಗದಲ್ಲಿ ಕಂದು ಪಟ್ಟೆ ಬರುವುದಕ್ಕೆ ಇದೂ ಒಂದು ಕಾರಣ. ಮೊಡವೆಯ ಬೆಂಜಾಯಿಲ್ ಪೆರಾಕ್ಸೈಡ್ ಮಾಮೂಲಿ ಟ್ರೆಟಿನೋಯಿನ್ನನ್ನು ಕೆಡಿಸುತ್ತೆ, ಹಾಗಾಗಿ ಎರಡನ್ನೂ ಒಂದೇ ಹೊತ್ತಿಗೆ ಹಚ್ಚಬಾರದು. ತೆಂಗಿನ ಸೀಮೆಯಾದ್ದರಿಂದ ಕೊಬ್ಬರಿ ಎಣ್ಣೆಯ ಮಾತೂ ಬರಬೇಕು: ಒಣ ಕೈಕಾಲಿಗೆ ಅದು ಚೆನ್ನಾಗಿದೆ, ಮೊಡವೆ ಏಳುವ ಮುಖಕ್ಕೆ ಮಾಯಿಶ್ಚರೈಸರ್ ಬದಲು ಬೇಡ, ರಂಧ್ರ ಕಟ್ಟುತ್ತೆ.

ಸನ್‌ಸ್ಕ್ರೀನ್ ಇಲ್ಲದೆ ಈ ಟ್ಯೂಬು ಕೊಳ್ಳಲೇಬೇಡಿ. ಅಂತರಸನಹಳ್ಳಿ ಮಾರ್ಕೆಟ್ಟಿನಲ್ಲಿ ಬೆಳಗಿನಿಂದ ಬಯಲಲ್ಲಿ ಕೂರುವವರಿಗೆ, ಸ್ಕೂಟಿಯಲ್ಲಿ ಓಡಾಡುವವರಿಗೆ, ಸಿದ್ಧಗಂಗಾ ಜಾತ್ರೆಗೆ ದಿನವಿಡೀ ಬಿಸಿಲಲ್ಲಿ ನಿಲ್ಲುವವರಿಗೆ ರಾತ್ರಿಯ ಕ್ರೀಮು ತೆಗೆದದ್ದನ್ನು ಹಗಲಿನ ಬಿಸಿಲು ವಾಪಸ್ ಹಾಕುತ್ತೆ. ಬೆಂಗಳೂರಿಗೆ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು ಹೋಗಿಬರುವವರಿಗೂ ಅಷ್ಟೇ, ಬಿಸಿಲಿನ ಯುವಿಎ ಕಿರಣ ಗಾಜು ದಾಟಿ ಬರುತ್ತೆ. ಎಸ್‌ಪಿಎಫ್ 30ಕ್ಕೆ ಕಡಿಮೆ ಬೇಡ. ತೋರುಬೆರಳು, ನಡುಬೆರಳು ಎರಡರ ಉದ್ದಕ್ಕೂ ಹಿಂಡಿದಷ್ಟು ಮುಖಕ್ಕೆ, ಕತ್ತಿಗೆ ಬೇಕು. ಅದು ಒಂದು ಗ್ರಾಮಿಗೆ ಕಡಿಮೆಯಿಲ್ಲ. ಬಯಲಲ್ಲಿದ್ದರೆ ಎರಡು ಗಂಟೆಗೊಮ್ಮೆ ಮತ್ತೆ. ದಿನಕ್ಕೆ ಒಂದೇ ಸಲ ಹಚ್ಚಿದರೂ 50 ಗ್ರಾಂ ಟ್ಯೂಬು 50 ದಿನದೊಳಗೆ ಮುಗಿಯಬೇಕು. ಆರು ತಿಂಗಳಿಂದ ಒಂದೇ ಟ್ಯೂಬು ನಡೆಯುತ್ತಿದ್ದರೆ ಹಚ್ಚುತ್ತಿಲ್ಲ ಅಂತಲೇ ಅರ್ಥ. ಬಂಗು ಇರುವವರು ಚರ್ಮದ ಬಣ್ಣ ಬೆರೆಸಿದ, ಐರನ್ ಆಕ್ಸೈಡ್ ಇರುವ ಸನ್‌ಸ್ಕ್ರೀನ್ ಕೇಳಿ ತಗೊಳ್ಳಿ. ಬಂಗನ್ನು ಕಣ್ಣಿಗೆ ಕಾಣುವ ಬೆಳಕೂ ಕೆರಳಿಸುತ್ತೆ, ಮಾಮೂಲಿ ಸನ್‌ಸ್ಕ್ರೀನ್ ಅದನ್ನು ಸರಿಯಾಗಿ ತಡೆಯುವುದಿಲ್ಲ. ಖರ್ಚಿನ ಲೆಕ್ಕ ಹಾಕುವಾಗ ಟ್ರೆಟಿನೋಯಿನ್‌ಗಿಂತ ಸನ್‌ಸ್ಕ್ರೀನಿಗೇ ಜಾಸ್ತಿ ಎತ್ತಿಡಬೇಕು.

ಫಲ ಯಾವಾಗ? ಮುಖ ನುಣುಪಾಗಿದೆ ಅನ್ನಿಸುವುದು ಆರೆಂಟು ವಾರಕ್ಕೆ. ಮೊಡವೆ ಕಲೆ ತಿಳಿಯಾಗಲು ಮೂರು ತಿಂಗಳು. ಬಂಗಿಗೆ ಬರೀ ಇದೊಂದನ್ನೇ ಹಚ್ಚಿದರೆ ಆರು ತಿಂಗಳು ಕಾಯಲೇಬೇಕು, ಗೆರೆಗಳಿಗೂ ಅಷ್ಟೇ. ಕಂದು ಬಣ್ಣದ ಬಂಗು ಮೇಲ್ಪದರದ್ದು, ಅದು ಜಗ್ಗುತ್ತೆ. ಬೂದು ನೀಲಿ ಛಾಯೆಯದು ಆಳದ್ದು, ಅದಕ್ಕೆ ಈ ಕ್ರೀಮಿನಿಂದ ಹೆಚ್ಚು ನಿರೀಕ್ಷೆ ಬೇಡ. ಇನ್ನು ಎಲ್ಲ ಕಪ್ಪೂ ಬಂಗಲ್ಲ. ಕತ್ತಿನ ಹಿಂದೆ ವೆಲ್ವೆಟ್ಟಿನ ಹಾಗೆ ದಪ್ಪಗೆ ಕಪ್ಪಾಗಿದ್ದರೆ ಮೊದಲು ಶುಗರ್ ಟೆಸ್ಟ್ ಮಾಡಿಸಿ. ಕೂದಲಂಚಿನಲ್ಲಿ, ಕಿವಿಯ ಮುಂದೆ ಕಪ್ಪಾಗಿದ್ದರೆ ಹೇರ್ ಡೈ ಮೇಲೆ, ಕುಂಕುಮ ಅಥವಾ ಸ್ಟಿಕ್ಕರ್ ಇಡುವ ಜಾಗವೇ ಕಪ್ಪಾಗಿದ್ದರೆ ಅದರ ಮೇಲೆ ಅನುಮಾನ ಪಡಿ. ಕಾರಣ ನಿಲ್ಲದೆ ಕ್ರೀಮು ಹಚ್ಚಿ ಏನೂ ಸಿಗುವುದಿಲ್ಲ.

ಪಕ್ಕದವುಗಳ ಮಾತು ಬೇಗ ಮುಗಿಸೋಣ. ಅಡಾಪಲೀನ್ 0.1% ಜೆಲ್ ಉರಿ ಕಡಿಮೆ, ಬೆಳಕಿಗೆ ಕೆಡುವುದಿಲ್ಲ, ಬೆಂಜಾಯಿಲ್ ಪೆರಾಕ್ಸೈಡ್ ಜೊತೆಗೂ ಹೊಂದುತ್ತೆ. ಮೊಡವೆ ಮತ್ತು ಅದರ ಕಲೆಗೆ ಇದನ್ನೇ ಮೊದಲು ಹೇಳುತ್ತೇವೆ. ಗೆರೆಗಳಿಗೆ ಟ್ರೆಟಿನೋಯಿನ್‌ಗಿರುವಷ್ಟು ಪುರಾವೆ ಇದಕ್ಕಿಲ್ಲ. ರೆಟಿನಾಲ್ ಸೀರಮ್ಮುಗಳಲ್ಲಿ 0.3% ಅಂತ ಪ್ರಮಾಣ ಬರೆದಿರುವುದನ್ನು ಮಾತ್ರ ನೋಡಿ, ಗಾಳಿ ಹೋಗದ ಪಂಪಿನ ಬಾಟಲಿ ಆರಿಸಿ. ಹಳದಿಯಿದ್ದದ್ದು ಕಂದಾದರೆ ಸತ್ತಿದೆ ಅಂತ ಅರ್ಥ, ಎಸೆಯಿರಿ. ತೀರಾ ಸೂಕ್ಷ್ಮ ಚರ್ಮದವರಿಗೆ ಮೊದಲ ಮೆಟ್ಟಿಲಾಗಿ ಸರಿ, ಆದರೆ ಕೊಟ್ಟ ದುಡ್ಡಿಗೆ ಆಗುವ ಕೆಲಸದಲ್ಲಿ ಟ್ರೆಟಿನೋಯಿನ್ ಹತ್ತಿರಕ್ಕೂ ಬರುವುದಿಲ್ಲ.

ನಿಜವಾಗಿ ಹೊಟ್ಟೆ ಉರಿಯುವುದು ತ್ರೀ ಇನ್ ಒನ್ ಕ್ರೀಮುಗಳ ವಿಷಯದಲ್ಲಿ. ಒಳಗಿರುವುದು ಕಪ್ಪು ತಿಳಿ ಮಾಡುವ ಹೈಡ್ರೋಕ್ವಿನೋನ್, ಟ್ರೆಟಿನೋಯಿನ್, ಜೊತೆಗೊಂದು ಸ್ಟಿರಾಯ್ಡ್. ಅಮೆರಿಕದ ಚರ್ಮವೈದ್ಯ ಆಲ್ಬರ್ಟ್ ಕ್ಲಿಗ್ಮನ್ 1975ರಲ್ಲಿ ಪ್ರಕಟಿಸಿದ ಸೂತ್ರದ ಸಂತತಿ ಇದು. ಚರ್ಮವೈದ್ಯರ ಕಣ್ಗಾವಲಿನಲ್ಲಿ ಕೆಲವು ವಾರಕ್ಕೆ ಮಾತ್ರ ಇರುವ ಒಳ್ಳೆಯ ಔಷಧಿ. ಅಮೆರಿಕದಲ್ಲಿ ಇಂಥದ್ದಕ್ಕೆ ಒಪ್ಪಿಗೆ ಸಿಕ್ಕಿರುವುದೇ ಎಂಟು ವಾರಕ್ಕೆ. ನಮ್ಮಲ್ಲಿ ಅಕ್ಕ ತಂಗಿಗೆ, ತಂಗಿ ಪಕ್ಕದ ಮನೆಯವರಿಗೆ ಹೇಳಿ ವರ್ಷಗಟ್ಟಲೆ "ಬೆಳ್ಳಗಾಗೋ ಕ್ರೀಮು" ಅಂತ ಹಚ್ಚುತ್ತಾರೆ. ಮೊದಲ ತಿಂಗಳು ಮುಖ ಹೊಳೆಯುತ್ತೆ. ಆಮೇಲೆ ಚರ್ಮ ತೆಳುವಾಗಿ ಕೆಂಪು ನರ ಕಾಣುತ್ತೆ, ಮೊಡವೆ ಏಳುತ್ತೆ, ಕೂದಲು ಬೆಳೆಯುತ್ತೆ, ಬಿಟ್ಟರೆ ಬೆಂಕಿಯಂತೆ ಉರಿಯುತ್ತೆ. ಕೊಳ್ಳುವ ಮುಂಚೆ ಡಬ್ಬಿ ತಿರುಗಿಸಿ ಸಣ್ಣಕ್ಷರ ಓದಿ. ಮೊಮೆಟಾಸೋನ್, ಫ್ಲೂಸಿನೊಲೋನ್, ಬೆಟಾಮೆಥಾಸೋನ್, ಕ್ಲೋಬೆಟಾಸಾಲ್, ಈ ಸ್ಟಿರಾಯ್ಡ್‌ಗಳಲ್ಲಿ ಯಾವುದಿದ್ದರೂ ಡಾಕ್ಟರ್ ಬರೆಯದೆ ಮುಖಕ್ಕೆ ತಾಕಿಸಬೇಡಿ. ಈಗಾಗಲೇ ಹಚ್ಚುತ್ತಿದ್ದರೆ ಏಕಾಏಕಿ ಬಿಡದೆ ಚರ್ಮವೈದ್ಯರಿಗೆ ತೋರಿಸಿ.

ಟ್ರೆಟಿನೋಯಿನ್ನೂ ಚೀಟಿ ಔಷಧಿಯೇ, ಶೆಡ್ಯೂಲ್ ಎಚ್. ಡಾಕ್ಟರ್ ಒಮ್ಮೆ ಮುಖ ನೋಡಿ ಬರೆದರೆ ಒಳ್ಳೆಯದು. ಅಗಳಕೋಟೆಯ ಸಿದ್ಧಾರ್ಥ ಮೆಡಿಕಲ್ ಕಾಲೇಜಿನಂಥ ಕಡೆ ಚರ್ಮದ ಒಪಿಡಿಯಲ್ಲಿ ತೋರಿಸಬಹುದು. ಬಸುರಿಯರು, ಮಗು ಬೇಕು ಅಂತ ಯೋಚಿಸುತ್ತಿರುವವರು ಟ್ರೆಟಿನೋಯಿನ್, ಅಡಾಪಲೀನ್, ರೆಟಿನಾಲ್ ಯಾವುದನ್ನೂ ಹಚ್ಚಬಾರದು. ಅವರಿಗೆ ಅಜೆಲಾಯಿಕ್ ಆಸಿಡ್ ಇದೆ, ಡಾಕ್ಟರನ್ನು ಕೇಳಿ. ಎದೆಹಾಲು ಕುಡಿಸುವವರೂ ಕೇಳದೆ ಶುರು ಮಾಡಬೇಡಿ.

ಅಂಕ ಕೊಡುವುದಾದರೆ ಐದಕ್ಕೆ ನಾಲ್ಕೂವರೆ. ಅರ್ಧ ಕಳೆದದ್ದು ಮೊದಲ ತಿಂಗಳಿನ ಸಿಪ್ಪೆಗೆ, ಮತ್ತು ಪೆಟ್ಟಿಗೆಯೊಳಗಿನ ಕಾಗದ ಕನ್ನಡದಲ್ಲಿ ಇಲ್ಲದ್ದಕ್ಕೆ. ಟ್ಯೂಬನ್ನು ಕಿಟಕಿ ಹಲಗೆ ಮೇಲೆ, ಸ್ಕೂಟಿ ಡಿಕ್ಕಿಯಲ್ಲಿ ಇಡಬೇಡಿ, ಬೆಳಕಿಗೂ ಏಪ್ರಿಲ್ ಬಿಸಿಗೂ ಕೆಡುತ್ತೆ. ಒಂದು ವರ್ಷದ ಮೇಲೆ ಬಣ್ಣ ಸಮಾಧಾನ ತಂದಿದ್ದರೆ ವಾರಕ್ಕೆ ಎರಡು ಮೂರು ರಾತ್ರಿಗೆ ಇಳಿಸಿ. ಸನ್‌ಸ್ಕ್ರೀನ್ ಮಾತ್ರ ಒಂದು ದಿನವೂ ಇಳಿಸಬೇಡಿ.