ಮುದ್ದೆ, ಜೋಳದ ರೊಟ್ಟಿ, ಅನ್ನ: ಶುಗರ್, ಟ್ರೈಗ್ಲಿಸರೈಡ್ ಎರಡೂ ಜಾಸ್ತಿ ಇದ್ದವರಿಗೆ ಯಾವುದು?

ಶುಗರ್ ಇದೆ, ಟ್ರೈಗ್ಲಿಸರೈಡ್ (ರಕ್ತದಲ್ಲಿರುವ ಒಂದು ಬಗೆಯ ಕೊಬ್ಬು) ಕೂಡ 150 ದಾಟಿದೆ, ರಾತ್ರಿಗೆ ಏನು ತಿನ್ನಲಿ ಅಂತ ಕೇಳಿದ್ದೀರಿ. ಮೂರರಲ್ಲೂ ಇರುವುದು ಹೆಚ್ಚಾಗಿ ಪಿಷ್ಟವೇ. ಬೇಕಾದ್ದಕ್ಕಿಂತ ಜಾಸ್ತಿ ತಿಂದರೆ ಲಿವರ್ ಅದನ್ನೇ ಟ್ರೈಗ್ಲಿಸರೈಡ್ ಮಾಡುತ್ತದೆ. ರಾಗಿ ಅಂದ ಮಾತ್ರಕ್ಕೆ ಎರಡು ಮುದ್ದೆ ತಿನ್ನಬಹುದು ಅಂತಲ್ಲ.

ನಾರಿನ ವಿಷಯದಲ್ಲಿ ರಾಗಿ, ಜೋಳ ಮುಂದೆ: 100 ಗ್ರಾಂಗೆ ಸುಮಾರು 10 ಗ್ರಾಂ. ಬಿಳಿ ಅಕ್ಕಿಯಲ್ಲಿ 3 ಗ್ರಾಂ ಕೂಡ ಇಲ್ಲ. ಆದರೆ ರಾಗಿಯನ್ನು ತೆಳ್ಳಗೆ ಗಂಜಿ ಮಾಡಿ, ಬೆಲ್ಲ ಹಾಕಿ ಕುಡಿದರೆ ಶುಗರ್ ಬೇಗ ಏರುತ್ತದೆ.

ನನಗೆ ಮುಖ್ಯ ಅನಿಸುವುದು ಅಳತೆ. ರೊಟ್ಟಿಯನ್ನು ಎಣಿಸಬಹುದು, ಎರಡಕ್ಕೆ ನಿಲ್ಲಿಸಬಹುದು. ಮುದ್ದೆಯನ್ನು ಕಟ್ಟುವಾಗಲೇ ಕಿತ್ತಳೆ ಹಣ್ಣಿನಷ್ಟು ಚಿಕ್ಕದು ಮಾಡಬೇಕು. ಅನ್ನದಲ್ಲೇ ಕಷ್ಟ. ಸಾರು ಉಳಿಯಿತು ಅಂತ ಅನ್ನ, ಅನ್ನ ಉಳಿಯಿತು ಅಂತ ಸಾರು, ಹೀಗೇ ಹೋಗುತ್ತದೆ ಅಲ್ವಾ?

ನೆಂಚಿಕೊಳ್ಳುವುದೂ ಲೆಕ್ಕಕ್ಕೆ ಬರುತ್ತದೆ. ಮುದ್ದೆಗೆ ಹುರುಳಿಕಾಳಿನ ಬಸ್ಸಾರು, ಸೊಪ್ಪು ಚೆನ್ನ. ರೊಟ್ಟಿಗೆ ಎಣ್ಣೆಗಾಯಿ ದಿನಾ ಬೇಡ, ಮಡಕೆಕಾಳು ಪಲ್ಯ, ಹಸಿ ಸೌತೆಕಾಯಿ ಸಾಕು.

ರೊಟ್ಟಿ ತಟ್ಟುವವರು ಮನೆಯಲ್ಲಿದ್ದರೆ ರೊಟ್ಟಿ. ಒಬ್ಬರೇ ಇದ್ದು ಬೇಗ ಆಗಬೇಕಿದ್ದರೆ ಮುದ್ದೆ. ಅನ್ನ ಬಿಡಲು ಆಗದವರು ಒಂದು ಸಣ್ಣ ಬಟ್ಟಲು ಅನ್ನಕ್ಕೆ ಎರಡು ಬಟ್ಟಲು ತರಕಾರಿ ಹುಳಿ ಹಾಕಿಕೊಳ್ಳಲಿ. ಇನ್ಸುಲಿನ್ ತೆಗೆದುಕೊಳ್ಳುವವರು ದಯವಿಟ್ಟು ಊಟವನ್ನು ದಿಢೀರ್ ಕಡಿಮೆ ಮಾಡಬೇಡಿ, ಶುಗರ್ ಇಳಿದುಬಿಡಬಹುದು. ಟ್ರೈಗ್ಲಿಸರೈಡ್ 500 ದಾಟಿದ್ದರೆ ಮೇದೋಜೀರಕ ಗ್ರಂಥಿಗೆ ಅಪಾಯ, ಮೊದಲು ಡಾಕ್ಟರನ್ನು ನೋಡಿ.